ಬೇಡವೆಂದು ಬಿಟ್ಟದ್ದರ ರುಚಿ

ಅಮೆರಿಕದ ಕ್ರಾಫ್ಟ್ ಬಿಯರ್‌ಗಳನ್ನು, ಎಂದರೆ ಸಣ್ಣ ಸ್ವತಂತ್ರ ಬ್ರೂವರಿಗಳು (ಬಿಯರ್ ತಯಾರಿಸುವ ಘಟಕಗಳು) ಮಾಡುವ ಬಿಯರ್‌ಗಳನ್ನು, ಸವಿದು ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದಾಗ ನಾನು ಹೇಳುವುದು ಒಂದೇ ಹೆಸರು: ಸಿಯೆರಾ ನೆವಾಡಾ ಪೇಲ್ ಏಲ್. ಕ್ಯಾಲಿಫೋರ್ನಿಯಾದ ಯಾವ ದಿನಸಿ ಅಂಗಡಿಗೆ ಹೋದರೂ ಸಿಗುವ, ಹಸಿರು ಚೀಟಿಯ ಈ ಬಾಟಲಿಯನ್ನು ಹೊಸ ರುಚಿ ಹುಡುಕುವವರು ಸಾಮಾನ್ಯವಾಗಿ ದಾಟಿ ಮುಂದೆ ಹೋಗುತ್ತಾರೆ. ಎಲ್ಲ ಕಡೆ ಸಿಗುವುದರಲ್ಲಿ ವಿಶೇಷವೇನಿದ್ದೀತು ಎಂಬ ಭಾವನೆ ಅವರದು. ಆದರೆ ಗಾಜಿನ ಲೋಟಕ್ಕೆ ಸುರಿದು, ಒಂದೆರಡು ನಿಮಿಷ ಚಳಿ ಬಿಡಲು ಬಿಟ್ಟು, ಮೂಗನ್ನು ಲೋಟದೊಳಗೆ ಇಳಿಸಿ ನೋಡಬೇಕು. ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಏಳುವ ಘಾಟು ಮೊದಲು ಬರುತ್ತದೆ. ಅದರ ಹಿಂದೆಯೇ ಪೈನ್ ಮರದ ಅಂಟಿನ ವಾಸನೆ. ಬಾಯಿಗೆ ಹೋದಾಗ ಹುರಿದ ಧಾನ್ಯದ ತೆಳುವಾದ ಸಿಹಿ ನಾಲಗೆಯ ಮೇಲೆ ಹರಡುತ್ತದೆ, ನುಂಗಿದ ಮೇಲೆ ಶುದ್ಧವಾದ ಕಹಿಯೊಂದು ನಿಧಾನವಾಗಿ ಏರಿ ನಿಂತು, ಇನ್ನೊಂದು ಗುಟುಕಿಗೆ ಬಾಯಿಯನ್ನು ಸಿದ್ಧಗೊಳಿಸುತ್ತದೆ. ಆಲ್ಕೋಹಾಲ್ ಶೇ 5.6, ಕಹಿಯ ಅಳತೆ 38 ಐಬಿಯು. ಈ ಅಂಕಿಗಳು ಇವತ್ತಿನ ಮಾರುಕಟ್ಟೆಯಲ್ಲಿ ಸಾಧಾರಣ. 1980ರಲ್ಲಿ ಈ ಬಿಯರ್ ಮೊದಲು ತಯಾರಾದಾಗ ಅಂಥ ಕಹಿಯನ್ನು ಬಹುಪಾಲು ಅಮೆರಿಕನ್ನರು ಬಿಯರ್‌ನಲ್ಲಿ ಕಂಡೇ ಇರಲಿಲ್ಲ.

ಇಂಥ ಬಿಯರ್‌ಗಳನ್ನು ಗಮನವಿಟ್ಟು ಸವಿಯುತ್ತ, ಒಂದೊಂದರ ಹಿನ್ನೆಲೆಯನ್ನೂ ಓದಿ ತಿಳಿಯುತ್ತ ಬಂದ ಹಾಗೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ಈ ದೇಶದ ಒಳ್ಳೆಯ ಬಿಯರ್‌ಗಳ ಪೈಕಿ ಬಹಳಷ್ಟು ಹುಟ್ಟಿರುವುದು ದೊಡ್ಡ ಉದ್ಯಮಗಳು ತಮಗೆ ಬೇಡವೆಂದು ಬದಿಗಿಟ್ಟ ವಸ್ತುಗಳಿಂದ. ಬಾಗಿಲು ಹಾಕಲು ಹೊರಟಿದ್ದ ಒಂದು ಬ್ರೂವರಿ, ಡೇರಿಗಳಿಂದ ಗುಜರಿಗೆ ಬಂದ ಪಾತ್ರೆಗಳು, ತಣ್ಣಗೆ ನಿಧಾನವಾಗಿ ಹುದುಗಿಸುವ ಲಾಗರ್ ಬಿಯರ್‌ಗೆ ಹೊಂದದ ಒಂದು ಹಾಪ್ ತಳಿ (ಹಾಪ್ ಎಂದರೆ ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಬಳ್ಳಿಯ ಕಾಯಿ), ಒಮ್ಮೆ ಬಳಸಿ ಮಾರಿಬಿಟ್ಟ ಮರದ ಪೀಪಾಯಿಗಳು. ರುಚಿಯ ಮೂಲವನ್ನು ಹುಡುಕುತ್ತ ಹೋದವರಿಗೆ ಕೊನೆಗೆ ಸಿಗುವುದು ಇಂಥದ್ದೇ ಏನೋ ಒಂದು, ಮತ್ತು ಅದನ್ನು ಎತ್ತಿಕೊಂಡ ಒಬ್ಬ ಹಟಮಾರಿ ಮನುಷ್ಯ.

ಹೀಗೆ ಬಿಟ್ಟುಹೋದದ್ದು ಇಷ್ಟೊಂದು ಇದ್ದದ್ದಕ್ಕೆ ಕಾರಣವಿದೆ. 1873ರಲ್ಲಿ ಅಮೆರಿಕದಲ್ಲಿ 4,131 ಬ್ರೂವರಿಗಳಿದ್ದವು. ಜರ್ಮನಿಯಿಂದ ಬಂದು ನೆಲೆಸಿದವರ ಊರುಗಳಲ್ಲಿ ಬೀದಿಗೊಂದು ಎನ್ನುವಂತಿದ್ದ ಈ ಸಣ್ಣ ಬ್ರೂವರಿಗಳಲ್ಲಿ ಅನೇಕವು ಶತಮಾನ ಮುಗಿಯುವ ಮೊದಲೇ ರೈಲು ಮತ್ತು ಮಂಜುಗಡ್ಡೆ ಯಂತ್ರಗಳ ಬಲದಿಂದ ಬೆಳೆದ ದೊಡ್ಡ ಕಂಪನಿಗಳ ಎದುರು ಸೋತವು. ಉಳಿದವನ್ನು 1920ರಿಂದ 1933ರವರೆಗಿನ ಪಾನನಿಷೇಧ ಮುಗಿಸಿತು. ನಿಷೇಧ ತೆರವಾದ ಮೇಲೆ ಮರಳಿ ಬಂದ ಬ್ರೂವರಿಗಳೂ ಒಂದನ್ನೊಂದು ನುಂಗುತ್ತ ಹೋಗಿ, 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ಬಿಯರ್ ತಯಾರಿಸುವ ಸ್ಥಳಗಳು ನೂರಕ್ಕಿಂತ ಕಡಿಮೆಯಾದವು. ಅವುಗಳಲ್ಲಿ ಬಹುಪಾಲು ತಯಾರಿಸುತ್ತಿದ್ದದ್ದು ಒಂದೇ ಬಗೆಯ ಬಿಯರ್: ಬಾರ್ಲಿಯ ಜೊತೆ ಅಕ್ಕಿಯನ್ನೋ ಜೋಳವನ್ನೋ ಸೇರಿಸಿ ಹಗುರಗೊಳಿಸಿದ, ತಿಳಿ ಹಳದಿಯ, ಕಹಿ ಕಂಡೂ ಕಾಣದಂತಿದ್ದ ಲಾಗರ್. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಸಣ್ಣ ದೋಷವನ್ನೂ ಮರೆಮಾಚಲಾಗದಷ್ಟು ತಿಳಿಯಾದ ಆ ಬಿಯರನ್ನು ಹತ್ತಾರು ಕಾರ್ಖಾನೆಗಳಲ್ಲಿ ಒಂದೇ ರುಚಿಗೆ ತರುವುದು ನಿಜವಾಗಿಯೂ ದೊಡ್ಡ ಕೌಶಲ. ಆದರೆ ಒಂದು ದೇಶಕ್ಕೆ ಒಂದೇ ರುಚಿ ಸಾಲದು.

ಈ ಕಥೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾಗುತ್ತದೆ. ಚಿನ್ನದ ಬೇಟೆಯ ಕಾಲದಲ್ಲಿ ಆ ಊರಿಗೆ ಬಂದ ಜರ್ಮನ್ನರು ಲಾಗರ್‌ನ ಯೀಸ್ಟ್ ತಂದಿದ್ದರು, ಆದರೆ ಅದಕ್ಕೆ ಬೇಕಾದ ಮಂಜುಗಡ್ಡೆ ಅಲ್ಲಿರಲಿಲ್ಲ. ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಹುದುಗಬೇಕಾದದ್ದನ್ನು ಅವರು ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ ಹರಡಿ, ಕಡಲ ಕಡೆಯಿಂದ ಬೀಸುವ ತಂಪು ಗಾಳಿಗೆ ಒಡ್ಡಿ ಹುದುಗಿಸಿದರು. ಸ್ಟೀಮ್ ಬಿಯರ್ ಎಂದು ಹೆಸರಾದ ಈ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಉಳಿಸಿಕೊಂಡು ಬಂದಿದ್ದ ಆಂಕರ್ ಬ್ರೂವರಿ 1965ರಲ್ಲಿ ಮುಚ್ಚುವ ಹಂತಕ್ಕೆ ಬಂತು. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮೇಟ್ಯಾಗ್ ಮನೆತನದ ಯುವಕ ಫ್ರಿಟ್ಜ್ ಮೇಟ್ಯಾಗ್ ತಾನು ಊಟಕ್ಕೆ ಹೋಗುತ್ತಿದ್ದ ಜಾಗದಲ್ಲಿ ಸಿಗುತ್ತಿದ್ದ ಈ ಬಿಯರ್ ನಿಂತುಹೋಗಲಿದೆ ಎಂದು ಕೇಳಿ, ಬ್ರೂವರಿಯ ಹೆಚ್ಚಿನ ಪಾಲನ್ನು ಕೊಂಡ. ಕೊಂಡಾಗ ಬಿಯರ್ ಆಗಾಗ ಹುಳಿಯಾಗುತ್ತಿತ್ತು. ಶುಚಿತ್ವವನ್ನು ಮೊದಲಿನಿಂದ ಕಲಿತು, ಸೂಕ್ಷ್ಮದರ್ಶಕ ತಂದಿಟ್ಟುಕೊಂಡು, ವರ್ಷಗಳ ಕಾಲ ದುಡಿದು 1971ರಲ್ಲಿ ಅವನು ಆಂಕರ್ ಸ್ಟೀಮ್ ಅನ್ನು ಬಾಟಲಿಗೆ ತುಂಬಿಸಿದ. ಆ ಬಿಯರ್‌ನಲ್ಲಿ ಲಾಗರ್‌ನ ಶುಭ್ರತೆಯೂ ಇತ್ತು, ಬೆಚ್ಚಗೆ ಹುದುಗುವ ಏಲ್‌ನ ಹಣ್ಣಿನ ಸುಳಿವೂ ಇತ್ತು. ಸುಟ್ಟ ಸಕ್ಕರೆಯ ಅಂಚಿನಲ್ಲಿ ನಿಲ್ಲುವ ಸಿಹಿಯ ಜೊತೆ ಮೂಲಿಕೆಯಂಥ ಕಹಿ. 2023ರ ಜುಲೈನಲ್ಲಿ, ಆಗಿನ ಒಡೆಯರಾದ ಜಪಾನಿನ ಸಪ್ಪೋರೋ ಕಂಪನಿಯವರು ಆಂಕರ್ ಅನ್ನು ಮುಚ್ಚುವುದಾಗಿ ಪ್ರಕಟಿಸಿದ ವಾರ ಈ ಭಾಗದ ಅಂಗಡಿಗಳಲ್ಲಿ ಆ ಬಾಟಲಿಗಳು ಖಾಲಿಯಾದ ವೇಗ ನೋಡಿ ನನಗೆ ದುಃಖವಾಯಿತು. 2024ರಲ್ಲಿ ಚೊಬಾನಿ ಮೊಸರಿನ ಕಂಪನಿ ಕಟ್ಟಿದ ಹಮ್ದಿ ಉಲುಕಾಯಾ ಅದನ್ನು ಕೊಂಡಿದ್ದಾರೆ. ಎರಡನೆಯ ಸಲವೂ ಅದಕ್ಕೆ ಜೀವ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಮೇಟ್ಯಾಗ್‌ಗೆ ಕಡೇಪಕ್ಷ ಒಂದು ಬ್ರೂವರಿ ಇತ್ತು. ಜ್ಯಾಕ್ ಮೆಕಾಲಿಫ್‌ಗೆ ಅದೂ ಇರಲಿಲ್ಲ. ನೌಕಾಪಡೆಯ ಕೆಲಸದಲ್ಲಿ ಸ್ಕಾಟ್ಲೆಂಡಿನಲ್ಲಿದ್ದಾಗ ಅಲ್ಲಿನ ಏಲ್‌ಗಳ ರುಚಿ ಹತ್ತಿಸಿಕೊಂಡ ಈತ ಊರಿಗೆ ಮರಳಿ, ಅಂಥದ್ದು ಇಲ್ಲಿ ಸಿಗುವುದಿಲ್ಲವೆಂದು ತಾನೇ ತಯಾರಿಸಲು ಹೊರಟ. 1976ರಲ್ಲಿ ಕ್ಯಾಲಿಫೋರ್ನಿಯಾದ ಸೋನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಬ್ರೂವರಿಯನ್ನು ಕಟ್ಟಿದ. ಅಷ್ಟು ಸಣ್ಣ ಪ್ರಮಾಣಕ್ಕೆ ಉಪಕರಣ ಮಾಡುವವರೇ ಆಗ ಇರಲಿಲ್ಲವಾದ್ದರಿಂದ ಡೇರಿಗಳ ಹಳೆಯ ಸಾಮಾನನ್ನೂ ತಂಪು ಪಾನೀಯದ ಸಿರಪ್ ಬರುತ್ತಿದ್ದ ಡ್ರಮ್‌ಗಳನ್ನೂ ತಂದು ತಾನೇ ಬೆಸುಗೆ ಹಾಕಿಕೊಂಡ. ಒಂದು ಸಲಕ್ಕೆ ಸುಮಾರು ಒಂದೂವರೆ ಬ್ಯಾರೆಲ್, ಎಂದರೆ ಇನ್ನೂರು ಲೀಟರ್‌ಗೂ ಕಡಿಮೆ ಬಿಯರ್. ಲೆಕ್ಕ ಹೊಂದುವ ಮಾತೇ ಅಲ್ಲ. ಸಾಲ ಕೊಡುವವರು ಸಿಗದೆ 1982ರಲ್ಲಿ ನ್ಯೂ ಆಲ್ಬಿಯನ್ ಮುಚ್ಚಿತು.

ಆದರೆ ಅದರ ಪಾತ್ರೆಗಳೂ ಯೀಸ್ಟೂ ಕೆಲಸಗಾರರೂ ಉತ್ತರಕ್ಕೆ ಹಾಪ್ಲೆಂಡ್ ಎಂಬ ಹಳ್ಳಿಗೆ ಹೋದವು. 1983ರಲ್ಲಿ ಅಲ್ಲಿ ತೆರೆದ ಮೆಂಡೊಸೀನೋ ಬ್ರೂಯಿಂಗ್ ಪಾನನಿಷೇಧದ ನಂತರ ಕ್ಯಾಲಿಫೋರ್ನಿಯಾದಲ್ಲಿ ಬಂದ ಮೊದಲ ಬ್ರೂಪಬ್, ಎಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಪಬ್. ಕನ್ನಡಿಗರಿಗೆ ಇಲ್ಲೊಂದು ಹತ್ತಿರದ ಸಂಬಂಧವಿದೆ. 1997ರಲ್ಲಿ ಬೆಂಗಳೂರಿನ ಯುಬಿ ಸಮೂಹ ಈ ಮೆಂಡೊಸೀನೋ ಕಂಪನಿಯ ಮೇಲೆ ಹಿಡಿತ ಪಡೆಯಿತು. ಅಮೆರಿಕದಲ್ಲಿ ಮಾರುತ್ತಿದ್ದ ಕಿಂಗ್‌ಫಿಷರ್ ಬಿಯರ್ ಇದೇ ಕಂಪನಿಗೆ ಸೇರಿದ ನ್ಯೂಯಾರ್ಕ್ ರಾಜ್ಯದ ಸರಟೋಗಾ ಸ್ಪ್ರಿಂಗ್ಸ್ ಘಟಕದಲ್ಲಿ ತಯಾರಾಗುತ್ತಿತ್ತು. ಇಲ್ಲಿನ ಭಾರತೀಯ ಹೋಟೆಲುಗಳಲ್ಲಿ ಕಿಂಗ್‌ಫಿಷರ್ ತರಿಸಿಕೊಂಡು ಊರನ್ನು ನೆನೆಯುತ್ತಿದ್ದ ನಮ್ಮವರಲ್ಲಿ ಹೆಚ್ಚಿನವರಿಗೆ, ಅದೇ ಕಂಪನಿಯ ಮೂಲದಲ್ಲಿ ಅಮೆರಿಕದ ಮೊದಲ ಹೊಸಕಾಲದ ಸಣ್ಣ ಬ್ರೂವರಿಯ ವಂಶವಿತ್ತು ಎಂಬುದು ತಿಳಿದಿರಲಾರದು. ಮೆಂಡೊಸೀನೋದ ರೆಡ್ ಟೇಲ್ ಏಲ್ ಎಂಬ ಕೆಂಪು ಛಾಯೆಯ ಬಿಯರ್ ನನಗೆ ಬಹಳ ಇಷ್ಟವಾಗಿತ್ತು. ಹಾಪ್‌ನ ಅಬ್ಬರವಿಲ್ಲದೆ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಮೇಲೆ ನಿಂತಿದ್ದ ಸೌಮ್ಯ ರುಚಿ ಅದರದು. 2018ರ ಆರಂಭದಲ್ಲಿ ಆ ಕಂಪನಿಯೂ ಮುಚ್ಚಿತು. ನ್ಯೂ ಆಲ್ಬಿಯನ್‌ನ ಯೀಸ್ಟನ್ನು ಡೇವಿಸ್‌ನ ವಿಶ್ವವಿದ್ಯಾಲಯ ಕಾಪಾಡಿಕೊಂಡು ಬಂದಿತ್ತು. ಸ್ಯಾಮ್ಯುಯೆಲ್ ಆಡಮ್ಸ್ ಬಿಯರ್‌ನ ಒಡೆಯ ಜಿಮ್ ಕೋಕ್ 2013ರಲ್ಲಿ ನ್ಯೂ ಆಲ್ಬಿಯನ್ ಏಲ್ ಅನ್ನು ಮೆಕಾಲಿಫ್ ಜೊತೆ ಸೇರಿ ಮತ್ತೆ ತಯಾರಿಸಿ, ಬಂದ ಲಾಭವನ್ನು ಅವನಿಗೇ ಕೊಟ್ಟ. ಈ ಉದ್ಯಮದ ಬಗ್ಗೆ ನನ್ನ ಗೌರವ ಹೆಚ್ಚಿಸಿದ ಘಟನೆಗಳಲ್ಲಿ ಇದೊಂದು.

ಕಾನೂನಿನ ಪಾತ್ರವನ್ನೂ ಹೇಳಬೇಕು. 1976ರಲ್ಲಿ ಸಣ್ಣ ಬ್ರೂವರಿಗಳ ಮೊದಲ 60,000 ಬ್ಯಾರೆಲ್‌ಗಳ ಮೇಲಿನ ತೆರಿಗೆ ಬ್ಯಾರೆಲ್ಲಿಗೆ 9 ಡಾಲರ್‌ನಿಂದ 7 ಡಾಲರ್‌ಗೆ ಇಳಿಯಿತು. ಪಾನನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಲು ಅನುಮತಿ ಸಿಕ್ಕರೂ ಬಿಯರ್‌ಗೆ ಸಿಕ್ಕಿರಲಿಲ್ಲ. ಆ ಕೊರತೆಯನ್ನು ನೀಗಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಅಡುಗೆಮನೆಯಲ್ಲಿ ಕದ್ದು ಬಿಯರ್ ಕುದಿಸುತ್ತಿದ್ದವರು ಬಹಿರಂಗವಾಗಿ ಒಬ್ಬರಿಂದೊಬ್ಬರು ಕಲಿಯಲು ದಾರಿಯಾಯಿತು.

ಹಾಗೆ ಕಲಿತವರಲ್ಲಿ ಒಬ್ಬ ಕೆನ್ ಗ್ರಾಸ್‌ಮನ್. ಕ್ಯಾಲಿಫೋರ್ನಿಯಾದ ಚೀಕೋ ಎಂಬ ಊರಿನಲ್ಲಿ ಮನೆ ಬಿಯರ್‌ನ ಸಾಮಗ್ರಿ ಮಾರುವ ಅಂಗಡಿ ಇಟ್ಟಿದ್ದ ಆತ ನ್ಯೂ ಆಲ್ಬಿಯನ್ ನೋಡಿ ಬಂದು, ತಾನೂ ಡೇರಿ ಪಾತ್ರೆಗಳನ್ನು ಹುಡುಕಿ ತಂದು, ಗೆಳೆಯ ಪಾಲ್ ಕಮೂಸಿಯೊಡನೆ ಸಿಯೆರಾ ನೆವಾಡಾ ಕಟ್ಟಿದ. ರುಚಿ ಪ್ರತಿಸಲವೂ ಒಂದೇ ಆಗಿ ಬರುವವರೆಗೆ ಕುದಿಸಿದ ಪೇಲ್ ಏಲ್ ಅನ್ನು ಮತ್ತೆ ಮತ್ತೆ ಚರಂಡಿಗೆ ಚೆಲ್ಲಿದ. ಆ ಬಿಯರ್‌ನ ಚಕ್ಕೋತದ ಘಾಟು ಬರುವುದು ಕ್ಯಾಸ್ಕೇಡ್ ಎಂಬ ಹಾಪ್ ತಳಿಯಿಂದ. ಅಮೆರಿಕದ ಕೃಷಿ ಇಲಾಖೆ ಒರೆಗಾನ್‌ನ ಕೊರ್ವಾಲಿಸ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಈ ತಳಿಯ ಉದ್ದೇಶ ಬೂಜುರೋಗವನ್ನು ತಡೆದುಕೊಳ್ಳುವುದು, ಯುರೋಪಿನಿಂದ ಬರುವ ಸುವಾಸನೆಯ ಹಾಪ್‌ಗೆ ದೇಶದಲ್ಲೇ ಬದಲಿ ಒದಗಿಸುವುದು. ದೊಡ್ಡ ಕಂಪನಿಗಳ ಲಾಗರ್‌ಗೆ ಬೇಕಿದ್ದದ್ದು ಹೂವಿನ, ಮೂಲಿಕೆಯ ಮೆದು ವಾಸನೆ. ಕ್ಯಾಸ್ಕೇಡ್ ಕೊಟ್ಟದ್ದು ಹುಳಿಹಣ್ಣಿನ ಚುರುಕು. ಲಾಗರ್‌ನಲ್ಲಿ ದೋಷವಾಗಿ ಕಂಡ ಆ ಗುಣವನ್ನೇ ಮೇಟ್ಯಾಗ್ 1975ರ ಲಿಬರ್ಟಿ ಏಲ್‌ನಲ್ಲಿ, ಗ್ರಾಸ್‌ಮನ್ ತನ್ನ ಪೇಲ್ ಏಲ್‌ನಲ್ಲಿ ಎದುರಿಗೆ ತಂದು ನಿಲ್ಲಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಅಮೆರಿಕನ್ ಶೈಲಿಯ ಬಿಯರ್ ಎಂದರೂ ಜನ ಮೊದಲು ನೆನೆಯುವುದು ಆ ವಾಸನೆಯನ್ನು.

ಹಾಪ್ ಎಂದರೇನೆಂದು ನನಗೆ ಸರಿಯಾಗಿ ಅರ್ಥವಾದದ್ದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ, ಮೂಡಿಗೆರೆಯಲ್ಲಿ ಕಾಫಿ ತೋಟವಿರುವ ನನ್ನ ಸೋದರಮಾವನ ಜೊತೆ ನಿಂತಿದ್ದಾಗ. ಮಾವ ಬಿಯರ್ ಮುಟ್ಟುವವರಲ್ಲ, ಆದರೆ ಬೆಳೆಯೆಂದರೆ ಬಿಡುವವರೂ ಅಲ್ಲ. ಅಮೆರಿಕದ ಹಾಪ್‌ನಲ್ಲಿ ಬಹುಪಾಲು ಬೆಳೆಯುವ ಆ ಕಣಿವೆಯಲ್ಲಿ ಮಳೆ ತೀರಾ ಕಡಿಮೆ. ಪಶ್ಚಿಮದ ಪರ್ವತಗಳ ಹಿಮ ಕರಗಿ ಬಂದ ನೀರಿನಿಂದಲೇ ಬೇಸಾಯ. ಹದಿನೆಂಟು ಅಡಿ ಎತ್ತರದ ಕಂಬಗಳ ನಡುವೆ ತಂತಿ ಕಟ್ಟಿ, ಅಲ್ಲಿಂದ ಇಳಿಬಿಟ್ಟ ಹಗ್ಗಗಳಿಗೆ ಬಳ್ಳಿಗಳು ನಮ್ಮ ಕಡೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳಂತೆ ಸುತ್ತಿಕೊಂಡಿದ್ದವು. ಮಾವ ತಲೆಯೆತ್ತಿ ನೋಡಿ, “ಇದಕ್ಕೆ ನೆರಳು ಬೇಡ್ವೇನೋ?” ಎಂದು ಕೇಳಿದರು. “ಬೇಡ ಮಾವ, ಬೇಸಿಗೆಯಲ್ಲಿ ಹದಿನೈದು ಗಂಟೆ ಹಗಲು ಬೇಕಂತೆ” ಎಂದೆ. “ಹಾಗಾದ್ರೆ ನಮ್ಮಲ್ಲಿ ಆಗೋ ಬೆಳೆಯಲ್ಲ ಬಿಡು” ಎಂದು ಅವರು ಅಲ್ಲೇ ತೀರ್ಮಾನಿಸಿದರು, ಮತ್ತು ಅದು ಸರಿ. ಹಗಲಿನ ಉದ್ದ ಋತುವಿನಿಂದ ಋತುವಿಗೆ ಬಹಳ ಬದಲಾಗುವ ಅಕ್ಷಾಂಶಗಳಲ್ಲೇ ಹಾಪ್ ಚೆನ್ನಾಗಿ ಹೂಬಿಡುವುದು. ಚಳಿಗಾಲದಲ್ಲಿ ಬಳ್ಳಿ ನೆಲಮಟ್ಟಕ್ಕೆ ಸತ್ತು, ವಸಂತದಲ್ಲಿ ಅದೇ ಬೇರಿನಿಂದ ಚಿಗುರಿ, ಆಗಸ್ಟ್ ಕೊನೆಯ ಹೊತ್ತಿಗೆ ತಂತಿ ಮುಟ್ಟಿ ಕಾಯಿಗಟ್ಟುತ್ತದೆ. ಹೆಣ್ಣು ಬಳ್ಳಿಯ ಆ ಹಸಿರು ಕಾಯಿಯನ್ನು ಸೀಳಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಮಾವ ಅದನ್ನು ಅಂಗೈಯಲ್ಲಿಟ್ಟು ಉಜ್ಜಿ, ಎರಡೂ ಕೈಗಳನ್ನು ಬೊಗಸೆ ಮಾಡಿ ಮೂಗಿಗೆ ಹಿಡಿದರು. ಹಾಪ್ ಕೊಳ್ಳಲು ಬರುವ ಬ್ರೂವರ್‌ಗಳೂ ಮಾಡುವುದು ಅದನ್ನೇ.

ಆ ಹಳದಿ ಪುಡಿಯಲ್ಲಿ ಎರಡು ಬಗೆಯ ಸಂಪತ್ತು ಇದೆ. ಒಂದು, ಆಲ್ಫಾ ಆಮ್ಲಗಳು. ಬಿಯರ್‌ನ ಸಿಹಿರಸದ ಜೊತೆ ಗಂಟೆಯಷ್ಟು ಕುದಿದಾಗ ಇವು ರೂಪ ಬದಲಿಸಿ ಕಹಿಯಾಗುತ್ತವೆ. ಇನ್ನೊಂದು, ಸುವಾಸನೆಯ ತೈಲಗಳು. ಇವು ಕುದಿದರೆ ಆವಿಯಾಗಿ ಹೋಗುತ್ತವೆ. ಆದ್ದರಿಂದ ಕಹಿ ಬೇಕಾದಾಗ ಹಾಪನ್ನು ಕುದಿಯ ಆರಂಭದಲ್ಲಿ, ಪರಿಮಳ ಬೇಕಾದಾಗ ಕೊನೆಯಲ್ಲಿ ಅಥವಾ ಹುದುಗು ಮುಗಿದು ತಣ್ಣಗಾದ ಬಿಯರ್‌ಗೇ ಹಾಕುತ್ತಾರೆ. ಈ ಒಂದು ತತ್ವ ತಿಳಿದರೆ ಅಮೆರಿಕದ ಐಪಿಎಗಳ (ಇಂಡಿಯಾ ಪೇಲ್ ಏಲ್ ಎಂಬ, ಹಾಪ್ ಹೆಚ್ಚಿರುವ ಬಿಯರ್‌ಗಳ) ಕಳೆದ ನಾಲ್ಕು ದಶಕಗಳ ಬದಲಾವಣೆ ಪೂರ್ತಿ ಅರ್ಥವಾಗುತ್ತದೆ, ಏಕೆಂದರೆ ಅದು ಹಾಪನ್ನು ಕುದಿಯ ಮೊದಲಿನಿಂದ ಕೊನೆಯ ಕಡೆಗೆ, ಅಲ್ಲಿಂದ ಕುದಿಯ ಆಚೆಗೆ ಸರಿಸುತ್ತ ಬಂದ ಇತಿಹಾಸ. ಐಪಿಎ ಎಂಬ ಹೆಸರಿನಲ್ಲಿ ಇಂಡಿಯಾ ಇದೆಯೆಂದು ನಮ್ಮವರು ಉತ್ಸಾಹದಿಂದ ಕೇಳುವುದುಂಟು. ಲಂಡನ್ನಿನ ಹಾಜ್‌ಸನ್, ಆಮೇಲೆ 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಾಪ್ ಮೊದಲಾದವರು ಕಲ್ಕತ್ತ, ಮದ್ರಾಸುಗಳಲ್ಲಿದ್ದ ಬ್ರಿಟಿಷರಿಗಾಗಿ ಹಡಗಿನಲ್ಲಿ ಕಳಿಸಿದ ಬಿಯರ್ ಅದು. ಕುಡಿದವರೂ ಕಳಿಸಿದವರೂ ಅವರೇ. ನಮ್ಮ ನಾಲಗೆಗೂ ಅದಕ್ಕೂ ಅಂದು ಸಂಬಂಧವಿರಲಿಲ್ಲ.

ಅಮೆರಿಕದಲ್ಲಿ ಆ ಶೈಲಿಯನ್ನು ತುದಿಗೆ ಒಯ್ದವರಲ್ಲಿ ವಿನ್ನಿ ಚಿಲೂರ್ಜೊ ಪ್ರಮುಖ. 1994ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದ ಬ್ಲೈಂಡ್ ಪಿಗ್ ಬ್ರೂವರಿಯಲ್ಲಿ ಅವರಿಗೆ ದೊರೆತದ್ದು ಹಳೆಯ ಉಪಕರಣಗಳು. ಅವುಗಳಿಂದ ಬರಬಹುದಾದ ದೋಷ ಮುಚ್ಚಿಹೋಗಲಿ ಎಂದು ಹಾಪನ್ನು ದುಪ್ಪಟ್ಟು ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಡಬಲ್ ಐಪಿಎ ಎಂಬ ಬಗೆ ಹೀಗೆ ಬಂತು. ಕೋರ್ಬೆಲ್ ಎಂಬ ವೈನ್ ಕಂಪನಿ 1997ರಲ್ಲಿ ಆರಂಭಿಸಿದ ರಷ್ಯನ್ ರಿವರ್ ಬ್ರೂವರಿಗೆ ಅವರು ಬಂದರು. ಕಂಪನಿ ಬಿಯರ್ ವ್ಯವಹಾರ ಬಿಟ್ಟಾಗ ಚಿಲೂರ್ಜೊ ದಂಪತಿ ಅದರ ಹೆಸರನ್ನು ಪಡೆದು 2004ರಲ್ಲಿ ಸಾಂಟಾ ರೋಸಾದಲ್ಲಿ ಪಬ್ ತೆರೆದರು. ಅಲ್ಲಿನ ಪ್ಲಿನಿ ದಿ ಎಲ್ಡರ್, ಶೇ 8 ಆಲ್ಕೋಹಾಲ್‌ನ ಬಿಯರ್, ನನ್ನ ಮಟ್ಟಿಗೆ ಈ ಶೈಲಿಯ ಅಳತೆಗೋಲು. ಹಾಪ್ ಅಷ್ಟು ತುಂಬಿದ್ದರೂ ಬಾಯಿ ಒಣಗಿಸುವ ಒರಟು ಕಹಿ ಅದರಲ್ಲಿಲ್ಲ. ಪೈನ್, ಕಿತ್ತಳೆ ಸಿಪ್ಪೆ, ಆಮೇಲೆ ಒಂದು ಎಳೆ ಒಗರು. ಮಾಲ್ಟ್ ಹಿಂದೆ ನಿಂತು ಅವನ್ನೆಲ್ಲ ಎತ್ತಿ ಹಿಡಿಯುತ್ತದೆ, ಸಿಹಿ ಎಲ್ಲಿಯೂ ಅಂಟುವುದಿಲ್ಲ. ಇದನ್ನು ತಾಜಾ ಇರುವಾಗಲೇ ಕುಡಿಯಿರಿ, ಕೂಡಿಡಬೇಡಿ ಎಂದು ಬಾಟಲಿಯ ಚೀಟಿಯ ಮೇಲೆಯೇ ಬೇಡಿಕೊಂಡಿದ್ದಾರೆ. ಆ ಮಾತನ್ನು ಪಾಲಿಸಬೇಕು. ಹಾಪ್‌ನ ತೈಲಗಳು ತಿಂಗಳುಗಳಲ್ಲಿ ಮಂಕಾಗುತ್ತವೆ, ಮೂರು ತಿಂಗಳು ಬೆಚ್ಚಗಿನ ಕಪಾಟಿನಲ್ಲಿದ್ದ ಐಪಿಎಯಲ್ಲಿ ಉಳಿಯುವುದು ಕಹಿ ಮತ್ತು ನೆನೆದ ರಟ್ಟಿನ ವಾಸನೆ.

ಇದರ ವಿರುದ್ಧ ದಿಕ್ಕಿನಲ್ಲಿ ಹೋದದ್ದು ವರ್ಮಾಂಟ್. ಬರ್ಲಿಂಗ್ಟನ್‌ನಲ್ಲಿ 1988ರಲ್ಲಿ ಬ್ರೂಪಬ್ ತೆರೆದ ಗ್ರೆಗ್ ನೂನನ್ ಅವರ ಕೈಕೆಳಗೆ ಕಲಿತ ಜಾನ್ ಕಿಮ್ಮಿಕ್, ಅವರಿಂದ ಬಂದ ಇಂಗ್ಲಿಷ್ ಮೂಲದ ಯೀಸ್ಟನ್ನು ಇಟ್ಟುಕೊಂಡು ವಾಟರ್‌ಬರಿಯ ತನ್ನ ಆಲ್ಕೆಮಿಸ್ಟ್ ಪಬ್‌ನಲ್ಲಿ ಹೆಡಿ ಟಾಪರ್ ತಯಾರಿಸಿದ. ಸೋಸದೆ ಬಿಟ್ಟ, ಮಬ್ಬಾದ, ಪೀಚ್ ಮತ್ತು ಮಾವಿನ ನೆನಪು ತರುವ ಬಿಯರ್. ಮಬ್ಬು ಎಂದರೆ ಕೆಟ್ಟ ಬಿಯರ್ ಎಂದೇ ಆಗ ಎಲ್ಲರೂ ಕಲಿತಿದ್ದದ್ದು. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ನೆರೆ ಆ ಪಬ್ಬನ್ನು ಮುಳುಗಿಸಿತು. ಅದಾದ ಕೆಲವೇ ದಿನಗಳಲ್ಲಿ, ಮೊದಲೇ ಸಿದ್ಧವಾಗುತ್ತಿದ್ದ ಇನ್ನೊಂದು ಕಟ್ಟಡದಲ್ಲಿ ಹೆಡಿ ಟಾಪರ್ ಡಬ್ಬಿಗೆ ಬಂತು. ಜನ ರಾಜ್ಯಗಳ ಗಡಿ ದಾಟಿ ಬಂದು ಸಾಲು ನಿಂತರು. ಈಗ ಎಲ್ಲೆಡೆ ಸಿಗುವ ಮಬ್ಬು ಐಪಿಎಗಳಿಗೆ ಮೂಲ ಅದು. ಓಟ್ಸ್ ಮತ್ತು ಗೋಧಿಯಿಂದ ಬಂದ ಪ್ರೋಟೀನು ಹಾಪ್‌ನ ಒಗರು ಅಂಶಗಳೊಡನೆ ಕೂಡಿ ಆ ಮಬ್ಬು ಹುಟ್ಟುತ್ತದೆ, ಬಾಯಲ್ಲಿ ನುಣುಪಾಗುತ್ತದೆ, ಕಹಿ ಹಿನ್ನೆಲೆಗೆ ಸರಿಯುತ್ತದೆ. ಇವುಗಳನ್ನು ನಾನು ಮೆಚ್ಚುತ್ತೇನೆ, ಆದರೆ ಇತ್ತೀಚೆಗೆ ಬರುವ ಬಹುಪಾಲು ಮಬ್ಬು ಬಿಯರ್‌ಗಳು ಒಂದರಂತೆಯೇ ಇನ್ನೊಂದು ಇವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಟ್ರಾ, ಮೊಸೈಕ್ ಎಂಬ ಅದೇ ಎರಡು ತಳಿಗಳು, ಅದೇ ಹಣ್ಣಿನ ರಸದ ಭಾವ. ಕಹಿಯನ್ನು ಪೂರ್ತಿ ಬಿಟ್ಟುಕೊಟ್ಟ ಬಿಯರ್ ಒಂದು ಲೋಟದ ನಂತರ ನನ್ನನ್ನು ಕರೆಯುವುದಿಲ್ಲ.

ಹಾಪ್‌ನಿಂದ ಆಚೆಗೆ ಹೋದವರಿಗೆ ಪೀಪಾಯಿಗಳ ಲೋಕವಿದೆ. ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡುವಂತಿಲ್ಲವಾದ್ದರಿಂದ ಕೆಂಟಕಿಯಲ್ಲಿ ಅವು ರಾಶಿ ಬೀಳುತ್ತವೆ. 1990ರ ದಶಕದಲ್ಲಿ ಶಿಕಾಗೋದ ಗೂಸ್ ಐಲೆಂಡ್ ಬ್ರೂವರಿಯ ಗ್ರೆಗ್ ಹಾಲ್ ಅಂಥ ಪೀಪಾಯಿಗಳಲ್ಲಿ ದಟ್ಟವಾದ ಕಪ್ಪು ಸ್ಟೌಟ್ ತುಂಬಿಟ್ಟರು. ತಿಂಗಳುಗಳ ನಂತರ ಅದರಲ್ಲಿ ವೆನಿಲ್ಲಾ, ತೆಂಗು, ಸುಟ್ಟ ಮರ, ಕಪ್ಪು ಬೆಲ್ಲದ ಪಾಕದ ರುಚಿಗಳು ಇಳಿದಿದ್ದವು. ಬರ್ಬನ್ ಕೌಂಟಿ ಸ್ಟೌಟ್ ಎಂಬ ಇದು ಈಗ ಶೇ 14ರ ಆಸುಪಾಸಿನಲ್ಲಿರುತ್ತದೆ; ಒಂದು ಬಾಟಲಿಯನ್ನು ನಾಲ್ವರು ಹಂಚಿಕೊಂಡು, ಊಟವಾದ ಮೇಲೆ, ಫ್ರಿಜ್ಜಿನ ಚಳಿ ಪೂರ್ತಿ ಬಿಟ್ಟ ಮೇಲೆ ಸವಿಯಬೇಕು. ರಷ್ಯನ್ ರಿವರ್‌ನವರು ನೆರೆಯ ವೈನ್ ತೋಟಗಳ ಪೀಪಾಯಿಗಳಿಗೆ ಹುಳಿ ಚೆರ್ರಿ ಮತ್ತು ಕಾಡು ಯೀಸ್ಟ್ ಸೇರಿಸಿ ಸಪ್ಲಿಕೇಷನ್ ಎಂಬ ಹುಳಿ ಬಿಯರ್ ಮಾಡುತ್ತಾರೆ. ಅಲಾಸ್ಕಾದ ಜೂನೋದ ಒಂದು ಬ್ರೂವರಿಯವರು ನೆರೆಮನೆಯಂತಿದ್ದ ಮೀನಿನ ಹೊಗೆಗೂಡಿನಲ್ಲಿ ಮಾಲ್ಟನ್ನು ಆಲ್ಡರ್ ಕಟ್ಟಿಗೆಯ ಹೊಗೆಗೆ ಒಡ್ಡಿ 1988ರಲ್ಲಿ ಸ್ಮೋಕ್ಡ್ ಪೋರ್ಟರ್ ಎಂಬ ಕಪ್ಪು ಬಿಯರ್ ತಯಾರಿಸಿದರು. ಬೆಂಕಿಯ ಮೇಲೆ ಸುಟ್ಟ ಬದನೆಯ ಸಿಪ್ಪೆಯ ವಾಸನೆ ಇಷ್ಟಪಡುವವರು ಅದನ್ನು ಬಿಡಬಾರದು.

ಸವಿಯುವ ಕ್ರಮದ ಬಗ್ಗೆ ನನಗೆ ಕೆಲವು ನಿಷ್ಠೆಗಳಿವೆ. ಬ್ರೂವರಿಯಲ್ಲೇ ಕುಳಿತು ಸವಿಯುವ ಟ್ಯಾಪ್‌ರೂಮಿನಲ್ಲಿ ಪೂರ್ತಿ ಲೋಟಕ್ಕಿಂತ ಫ್ಲೈಟ್ ತರಿಸಿಕೊಳ್ಳುವುದು ಮೇಲು. ಹಲಗೆಯ ಮೇಲೆ ನೂರೈವತ್ತು ಮಿಲಿಲೀಟರ್‌ಗೂ ಕಡಿಮೆಯ ಪುಟ್ಟ ಲೋಟಗಳಲ್ಲಿ ನಾಲ್ಕೈದು ಬಗೆ ಬರುತ್ತವೆ. ಹಗುರವಾದದ್ದರಿಂದ ದಟ್ಟವಾದದ್ದರ ಕಡೆಗೆ, ಕಹಿ ಕಡಿಮೆಯದ್ದರಿಂದ ಹೆಚ್ಚಿನದರ ಕಡೆಗೆ ಹೋಗಬೇಕು. ಐಪಿಎ ಆದ ಮೇಲೆ ಪಿಲ್ಸ್‌ನರ್‌ನಂಥ ಹಗುರ ಲಾಗರ್ ಕುಡಿದರೆ ನೀರು ಕುಡಿದಂತಾಗುತ್ತದೆ. ವಾಸನೆ ನೋಡುವುದು ಗುಟುಕರಿಸುವುದಕ್ಕಿಂತ ಮುಖ್ಯ, ಮತ್ತು ಅದನ್ನು ನೊರೆ ಇರುವಾಗಲೇ ಮಾಡಬೇಕು. ಡಬ್ಬಿಯ ತಳದಲ್ಲಿ ಮುದ್ರಿಸಿದ ದಿನಾಂಕ ನೋಡದೆ ನಾನು ಹಾಪ್ ಬಿಯರ್ ಕೊಳ್ಳುವುದಿಲ್ಲ. ಕಾರು ಓಡಿಸುವವರು ಗುಟುಕನ್ನೂ ಮುಟ್ಟಬಾರದು. ನಮ್ಮ ಗೆಳೆಯರ ಗುಂಪಿನಲ್ಲಿ ಆ ಪಾಳಿ ಮೊದಲೇ ನಿಗದಿಯಾಗಿರುತ್ತದೆ. ಮದ್ಯ ಮುಟ್ಟದ ಮನೆಯಲ್ಲಿ ಬೆಳೆದವನಾಗಿ, ರುಚಿ ನೋಡುವುದಕ್ಕೂ ಕುಡಿತಕ್ಕೂ ನಡುವಿನ ಗೆರೆಯನ್ನು ಪ್ರತಿಸಲವೂ ಎಳೆದುಕೊಳ್ಳಬೇಕೆಂದು ನಾನು ನಂಬುತ್ತೇನೆ.

ಸಣ್ಣ ಬ್ರೂವರಿಗಳ ಸಂಖ್ಯೆ ಈಗ 9,000 ದಾಟಿದೆ, ಆದರೆ ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಅವುಗಳ ಪಾಲು ಪ್ರಮಾಣದ ಲೆಕ್ಕದಲ್ಲಿ ಶೇ 13ರಷ್ಟು ಮಾತ್ರ. 2011ರಲ್ಲಿ ಗೂಸ್ ಐಲೆಂಡ್ ಅನ್ನು ಬಡ್‌ವೈಸರ್‌ನ ಒಡೆಯರು 38.8 ಮಿಲಿಯನ್ ಡಾಲರ್‌ಗೆ ಕೊಂಡ ಮೇಲೆ ಅಂಥ ಖರೀದಿಗಳು ಹೆಚ್ಚಿದವು. ಹೊರಗಿನ ಮದ್ಯೋದ್ಯಮದ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು, ವರ್ಷದ ಉತ್ಪಾದನೆ 60 ಲಕ್ಷ ಬ್ಯಾರೆಲ್ ಮೀರಬಾರದು ಎಂಬುದು ಕ್ರಾಫ್ಟ್ ಬ್ರೂವರಿ ಎನಿಸಿಕೊಳ್ಳಲು ಅವುಗಳ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಕೊಟ್ಟ ವ್ಯಾಖ್ಯೆ. 2024ರಲ್ಲಿ ಹೊಸದಾಗಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವೇ ಹೆಚ್ಚು. ಮಾರಿಕೊಂಡವರನ್ನು ನಾನು ದೂರುವುದಿಲ್ಲ. ಆದರೆ ಸ್ವತಂತ್ರವಾಗಿ ಉಳಿದವರು ಏನು ಮಾಡಬಲ್ಲರು ಎಂಬುದನ್ನು 2018ರಲ್ಲಿ ಕಂಡೆವು. ಚೀಕೋದ ಪಕ್ಕದ ಪ್ಯಾರಡೈಸ್ ಊರು ಕಾಡ್ಗಿಚ್ಚಿಗೆ ಬೂದಿಯಾದಾಗ ಸಿಯೆರಾ ನೆವಾಡಾದವರು ರೆಸಿಲಿಯೆನ್ಸ್ ಎಂಬ ಐಪಿಎಯ ಪಾಕಕ್ರಮವನ್ನು ಎಲ್ಲರಿಗೂ ಹಂಚಿ, ಮಾರಾಟದ ಹಣವನ್ನು ಸಂತ್ರಸ್ತರಿಗೆ ಕೊಡಿರೆಂದು ಕೇಳಿದರು. 1,400ಕ್ಕೂ ಹೆಚ್ಚು ಬ್ರೂವರಿಗಳು, ಪ್ರತಿಸ್ಪರ್ಧಿಗಳೂ ಸೇರಿ, ಅದನ್ನು ಕುದಿಸಿದವು.

ಈ ಅಲೆ ಬೆಂಗಳೂರನ್ನು ತಲುಪಿ ಬಹಳ ಕಾಲವಾಯಿತು. ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿದ್ದ ಆರ್ಬರ್ ಬ್ರೂಯಿಂಗ್ ತನ್ನ ಹೆಸರನ್ನೂ ಪಾಕಕ್ರಮಗಳನ್ನೂ ಬೆಂಗಳೂರಿಗೆ ಕೊಟ್ಟಿತು. ಅಲ್ಲಿ ತಯಾರಾದ ರೇಜಿಂಗ್ ಎಲಿಫೆಂಟ್ ಐಪಿಎ ಆ ನಗರದಲ್ಲಿ ಅನೇಕರಿಗೆ ಅಮೆರಿಕನ್ ಹಾಪ್‌ನ ಮೊದಲ ಪರಿಚಯ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಈಗ ಟೆಕ್ಸಸ್‌ನ ಡಲ್ಲಾಸ್ ಬಳಿ ತನ್ನದೇ ಬ್ರೂಪಬ್ ನಡೆಸುತ್ತಿದೆ. ಹೀಗೆ ಹೋಗಿಬರುವ ದಾರಿ ಎರಡೂ ಕಡೆಯಿಂದ ತೆರೆದಿದೆ. ಆದರೆ ಹಾಪ್ ಮಾತ್ರ ಬಹುಮಟ್ಟಿಗೆ ಯಾಕಿಮಾದಿಂದಲೋ ಯುರೋಪಿನಿಂದಲೋ ಹಡಗು ಹತ್ತಿ, ಬಿಸಿ ಬಂದರುಗಳನ್ನು ದಾಟಿಯೇ ಕರ್ನಾಟಕಕ್ಕೆ ಬರಬೇಕು. ಆದ್ದರಿಂದ ಇಂದಿರಾನಗರದಲ್ಲೋ ವೈಟ್‌ಫೀಲ್ಡ್‌ನಲ್ಲೋ ಐಪಿಎ ತರಿಸುವವರು, ಇದರಲ್ಲಿ ಯಾವ ತಳಿಯ ಹಾಪ್ ಇದೆ, ಯಾವ ವರ್ಷದ ಕಟಾವಿನದು, ತಣ್ಣಗಿಟ್ಟು ತರಿಸಿದ್ದೇ ಎಂದು ಒಮ್ಮೆ ಬ್ರೂವರ್ ಅವರನ್ನೇ ಕೇಳಿ ನೋಡಿ. ತನ್ನ ಕೆಲಸವನ್ನು ಪ್ರೀತಿಸುವ ಬ್ರೂವರ್ ಆದರೆ ಒಳಗೆ ಕರೆದುಕೊಂಡು ಹೋಗಿ ಹಾಪ್‌ನ ಪೊಟ್ಟಣ ಬಿಚ್ಚಿ ಕೈಗೆ ಕೊಡುತ್ತಾರೆ.